ಫೆಬ್ರವರಿಗೆ ಮುಂಚೆ ಆಗಬೇಕಾಗಿದ್ದ ಮದುವೆ

"ಇಬ್ಬರದೂ ಗುರುತಿನ ಚೀಟಿ ಕೊಡಿ" ಎಂದು ನೋಂದಣಿ ಅಧಿಕಾರಿ ಕೈ ಚಾಚಿದಳು. ನನ್ನ ಅಳಿಯನಾಗಲಿದ್ದ ಡಮಿಯಾನ್ ಥಟ್ಟನೆ ತನ್ನದನ್ನು ಕೊಟ್ಟ. ನನ್ನ ಮಗಳು ಲುಸಿಲಾ ಬಿಳಿ ಕೈಚೀಲದೊಳಗೆ ಕೈ ಹಾಕಿದಳು. ಹಾಕಿದ ಕೈ ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ.

ಆಮೇಲೆ ಚೀಲವನ್ನೇ ಮೇಜಿನ ಮೇಲೆ ಬೋರಲು ಹಾಕಿದಳು. ಲಿಪ್‌ಸ್ಟಿಕ್ ಬಿತ್ತು, ಫೋನಿನ ಚಾರ್ಜರ್ ಬಿತ್ತು, ಅರ್ಧ ಕಚ್ಚಿದ ಬಿಸ್ಕತ್ತು ಕಾಗದದ ಸಮೇತ ಬಿತ್ತು. ಚೀಟಿ ಮಾತ್ರ ಬೀಳಲಿಲ್ಲ.

"ಮರ್ತು ಬಂದಿದೀನಿ ಅನ್ಸುತ್ತೆ" ಅಂದಳು.

ಇದು ಕೆಲವು ವರ್ಷದ ಹಿಂದಿನ ಮಾತು. ಬೇರೆ ಊರಲ್ಲಾಗಿದ್ದರೆ ಯಾರಾದರೊಬ್ಬರು ಮನೆಗೆ ಓಡುತ್ತಿದ್ದರು, ಉಳಿದವರು ಬೀಸಣಿಗೆ ಬೀಸಿಕೊಂಡು ಕಾಯುತ್ತಿದ್ದರು. ಆದರೆ ನಾವು ಬ್ಯೂನಸ್ ಐರಿಸ್‌ನವರು. ನಮ್ಮ ಬೀದಿಯಲ್ಲಿ ಬೇಕರಿಗಳಿಗಿಂತ ಮನೋವಿಶ್ಲೇಷಕರ ಹಿತ್ತಾಳೆ ಫಲಕಗಳು ಜಾಸ್ತಿ. ಮಾಂಸದ ಅಂಗಡಿಯವನು ಕೂಡ ವಾರಕ್ಕೊಮ್ಮೆ ವಿಶ್ಲೇಷಕರ ಮಂಚದ ಮೇಲೆ ಮಲಗಿ, ತಾಯಿಯ ಬಗ್ಗೆ ಮಾತಾಡಿ ಬರುತ್ತಾನೆ. ಇಲ್ಲಿ ಯಾರಿಗೂ ಏನನ್ನೂ ಸುಮ್ಮನೆ ಮರೆಯುವ ಹಕ್ಕಿಲ್ಲ. ಮರೆತಿದ್ದೀಯ ಅಂದರೆ ಒಳಗಿನಿಂದ ಯಾರೋ ಮರೆಸಿದ್ದಾರೆ, ಆ ಯಾರೋ ನೀನೇ. ಹಾಗಾಗಿ ಆ ಸೆಕೆಯ ಕೋಣೆಯಲ್ಲಿ ಕೂತಿದ್ದ ನೆಂಟರೆಲ್ಲ ಉಸಿರು ಬಿಗಿಹಿಡಿದು ಡಮಿಯಾನ್‌ನ ತಾಯಿಯ ಕಡೆಗೆ ತಿರುಗಿದರು.

ಆಕೆಯ ಹೆಸರು ರೆಬೇಕಾ, ನನ್ನ ಬೀಗಿತ್ತಿ. ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ವಿಯೆನ್ನಾದ ಅಜ್ಜನ ಪಂಥದವಳು. ಅರ್ಧ ಆಯುಸ್ಸನ್ನು ಮಂಚದ ತಲೆದೆಸೆಯಲ್ಲಿ ಕುರ್ಚಿ ಹಾಕಿಕೊಂಡು ಜನರ ಕನಸು ಕೇಳುವುದರಲ್ಲೇ ಕಳೆದಿದ್ದಾಳೆ. ಅವಳ ಪ್ರಕಾರ ಮನುಷ್ಯ ಅಂದರೆ ನೆಲಮಾಳಿಗೆ ಇರುವ ಮನೆ. ಮೇಲೆ ನಾವು ಸೋಫಾ ಹಾಕಿಕೊಂಡು ಯಜಮಾನರ ಠೀವಿಯಲ್ಲಿ ಕೂತಿರುತ್ತೇವೆ, ಮನೆ ನಡೆಸುವವರು ಕೆಳಗಿರುತ್ತಾರೆ. ಚಿಕ್ಕಂದಿನ ಆಸೆ, ಭಯ, ಸಿಟ್ಟು ಎಲ್ಲ ಅಲ್ಲಿ ಬೀಗ ಹಾಕಿಸಿಕೊಂಡು ಕೂತಿದ್ದು, ನಾವು ಬಾಯಿ ತಪ್ಪಿದಾಗ, ಕೈ ತಪ್ಪಿದಾಗ, ಮರೆತಾಗ ಸಂದಿಯಿಂದ ಹೊರಗೆ ಇಣುಕುತ್ತವೆ.

ನನ್ನದು ಇನ್ನೊಂದು ಪಂಥ. ನಾನು ನೆಲಿಡಾ, ಆಪ್ತಸಮಾಲೋಚಕಿ. ಮನುಷ್ಯನೊಳಗೆ ಬೆಳೆಯುವ ಆಸೆ ತಾನಾಗಿಯೇ ಇದೆ, ಅವನನ್ನು ತೂಗದೆ, ತಿದ್ದದೆ, ಇದ್ದ ಹಾಗೆ ಒಪ್ಪಿಕೊಂಡು ಜೊತೆಗೆ ಕೂತರೆ ದಾರಿಯನ್ನು ಅವನೇ ಹುಡುಕಿಕೊಳ್ಳುತ್ತಾನೆ ಎಂದು ನಂಬಿದವಳು. ನನ್ನ ಹತ್ತಿರ ಬಂದವರನ್ನು ನಾನು ಮಲಗಿಸುವುದಿಲ್ಲ, ಎದುರೆದುರು ಕೂತು ಕೇಳುತ್ತೇನೆ. ಅವರ ಮಾತಿನಲ್ಲಿದ್ದ ನೋವನ್ನೋ ಸಂತೋಷವನ್ನೋ ಅವರಿಗೇ ಕೇಳಿಸುವ ಹಾಗೆ ತಿರುಗಿ ಹೇಳುತ್ತೇನೆ. ಅದಕ್ಕೇ ರೆಬೇಕಾ ನನ್ನನ್ನು ಬೆನ್ನ ಹಿಂದೆ ಗಿಳಿ ಅನ್ನುತ್ತಾಳೆ. ನಾನು ಅವಳನ್ನು ಗುದ್ದಲಿ ಅನ್ನುತ್ತೇನೆ. ಎದುರಿಗೆ ಸಿಕ್ಕಾಗ ಇಬ್ಬರೂ ಕೆನ್ನೆಗೆ ಕೆನ್ನೆ ಕೊಟ್ಟು ಮುತ್ತಿಡುತ್ತೇವೆ. ಎಲ್ಲರನ್ನೂ ಷರತ್ತಿಲ್ಲದೆ ಒಪ್ಪಿಕೊಳ್ಳಬೇಕು ಅನ್ನುವುದು ನಮ್ಮ ಪಂಥದ ಮೊದಲ ಪಾಠ. ಪಾಠ ಮಾಡಿದವರಿಗೆ ಬೀಗಿತ್ತಿ ಇರಲಿಲ್ಲ ಅಂತ ಕಾಣುತ್ತದೆ.

ರೆಬೇಕಾ ತಲೆಯನ್ನು ತುಸು ಓರೆ ಮಾಡಿ, "ಮರ್ತಿದೀಯ" ಅಂದಳು. ಅಷ್ಟೇ, ಇನ್ನೊಂದು ಮಾತಿಲ್ಲ. ಡಮಿಯಾನ್‌ನ ಮುಖದ ಕಳೆ ಇಳಿದುಹೋಯಿತು.

"ಲು, ನಿಂಗೆ ಈ ಮದುವೆ ಬೇಕಾ?" ಎಂದ.

"ಬೇಕು ಮಾರಾಯ. ಚೀಟಿ ಮರ್ತೆ, ಅಷ್ಟೆ."

"ಅಷ್ಟೆ ಅಂತ ಯಾವ್ದೂ ಇರಲ್ಲ. ಅದೇನ್ ಹಾಲಿನ ಪ್ಯಾಕೆಟ್ಟಾ ಮರ್ಯೋಕೆ? ಗುರುತಿನ ಚೀಟಿ. ನನ್ ಹೆಂಡ್ತಿ ಆದ್ಮೇಲೆ ನಿನ್ ಗುರುತೇ ಕಳ್ದುಹೋಗುತ್ತೆ ಅನ್ನೋ ಭಯ ನಿಂಗೆ."

ಹಿಂದಿನ ಸಾಲಿನಲ್ಲಿ ಯಾರೋ, "ಸರಿಯಾಗ್ ಹಿಡ್ದ ನೋಡು" ಅಂದರು.

ಡಮಿಯಾನ್ ಒಳ್ಳೆಯ ಹುಡುಗ, ಸೇತುವೆ ಕಟ್ಟುವ ಇಂಜಿನಿಯರು. ಆದರೆ ತಾಯಿ ವಿಶ್ಲೇಷಕಿಯಾದ ಮನೆಯಲ್ಲಿ ಹಾಲುಹಲ್ಲು ಬಿದ್ದದ್ದಕ್ಕೂ ಒಂದು ಅರ್ಥ ಇರುತ್ತದೆ. ಮೀಸೆ ಮೂಡುವ ಮುಂಚಿನಿಂದ ಅವನಿಗೂ ಒಬ್ಬ ವಿಶ್ಲೇಷಕ ಇದ್ದಾನೆ. ಕೋಟಿನ ಬಣ್ಣ ಆರಿಸುವುದಕ್ಕೂ ಡಮಿಯಾನ್ ಅಲ್ಲಿಗೆ ಹೋಗುವ ಮಂಗಳವಾರಕ್ಕೆ ಕಾಯುತ್ತಾನೆ.

ಅಧಿಕಾರಿ ಗಡಿಯಾರ ನೋಡಿದಳು. "ಚೀಟಿ ಇಲ್ದೆ ನಾನು ಮದುವೆ ಮಾಡ್ಸೋಕಾಗಲ್ಲ. ನಿಮ್ ಹಿಂದಿರೋ ಜೋಡಿಗಳನ್ನ ಮುಂದಕ್ಕೆ ಬಿಡ್ತೀನಿ. ಒಂದು ಗಂಟೆಗೆ ಬಾಗಿಲು ಹಾಕ್ತೀವಿ, ಅಷ್ಟ್ರೊಳಗೆ ತನ್ನಿ" ಅಂದಳು. ಆಮೇಲೆ ಲುಸಿಲಾಳ ಕಡೆ ಬಾಗಿ ದನಿ ತಗ್ಗಿಸಿ, "ಆದ್ರೂ ಯಾಕ್ ಮರ್ತೆ ಅಂತ ಒಂಚೂರು ಯೋಚ್ನೆ ಮಾಡಮ್ಮ. ನಾನೂ ಹೀಗೇ ಸುಮ್ನೆ ಅನ್ಕೊಂಡು ಆಮೇಲೆ ಡೈವೋರ್ಸ್ ತಗೊಂಡೆ" ಅಂದಳು.

"ಬೇಡ" ಎಂದ ಡಮಿಯಾನ್. "ಮುಂದಕ್ಕೆ ಹಾಕೋಣ. ಮೊದ್ಲು ನಾನಿದನ್ನ ನಮ್ ಡಾಕ್ಟ್ರ ಹತ್ರ ಮಾತಾಡ್ಬೇಕು."

ಆಗ ನಾನು ನಿಜವಾಗಿ ಹೆದರಿದೆ. ಅದು ಜನವರಿಯ ಕೊನೆಯ ಶುಕ್ರವಾರ, ನಮ್ಮಲ್ಲಿ ನಡುಬೇಸಿಗೆ. ಫೆಬ್ರವರಿ ಹುಟ್ಟಿತು ಅಂದರೆ ಊರಿನ ವಿಶ್ಲೇಷಕರೆಲ್ಲ ಒಟ್ಟಿಗೆ ರಜೆ ಹಾಕಿ ಸಮುದ್ರದ ಕಡೆ ಹೋಗುತ್ತಾರೆ. ಆ ತಿಂಗಳು ಊರಿನಲ್ಲಿ ಯಾರೂ ಕೆಲಸ ಬಿಡುವುದಿಲ್ಲ, ಗಂಡನನ್ನು ಬಿಡುವುದಿಲ್ಲ, ಯಾವುದನ್ನೂ ತೀರ್ಮಾನ ಮಾಡುವುದಿಲ್ಲ. ಮುಂದಕ್ಕೆ ಹಾಕುವುದು ಅಂದರೆ ಮಾರ್ಚಿಗೆ. ಅಷ್ಟರಲ್ಲಿ ಡಮಿಯಾನ್ ದೇಶದ ದಕ್ಷಿಣದ ತುದಿಯಲ್ಲಿರುತ್ತಾನೆ. ಗಾಳಿ ಬಿಟ್ಟರೆ ಬೇರೇನೂ ಇಲ್ಲದ ಕಡೆ ಅವನಿಗೆ ಒಂದು ಸೇತುವೆಯ ಕೆಲಸ ಸಿಕ್ಕಿತ್ತು, ಅದು ಮುಗಿಯುವುದಕ್ಕೆ ವರ್ಷಗಳೇ ಬೇಕು. ಹೆಂಡತಿಯಾದರೆ ಲುಸಿಲಾ ಜೊತೆಗೆ ಹೋಗುತ್ತಾಳೆ, ಕಂಪನಿ ಮನೆ ಕೊಡುತ್ತದೆ. ಇಲ್ಲವಾದರೆ ಅವನೊಬ್ಬನೇ ಹೋಗುತ್ತಾನೆ, ಇವಳು ಇಲ್ಲಿ, ನಡುವೆ ಫೋನು ಮತ್ತು ಒಂದು ಮರೆತ ಚೀಟಿ. ಅಂಥ ಮದುವೆಗಳು ಮಾರ್ಚಿನವರೆಗೆ ಬದುಕಿದ್ದನ್ನು ನಾನು ನೋಡಿಲ್ಲ.

ಇವಳು ಅಷ್ಟು ದೂರ ಹೋಗುವುದಕ್ಕೆ ನಾನು ಒಂದು ದಿನವೂ ಅಡ್ಡ ಮಾತಾಡಿರಲಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಇರುವುದು ನಾವಿಬ್ಬರೇ, ಆದರೂ. ಸುದ್ದಿ ಹೇಳಿದ ದಿನ ನಾನೇ ಕುಣಿದಾಡಿ, ನಾನೇ ಉಣ್ಣೆಯ ಕೋಟು ಕೊಡಿಸಿ, ನಾನೇ ನಕ್ಷೆ ಬಿಡಿಸಿ ಊರು ತೋರಿಸಿದೆ. ಒಂದು ಹನಿ ಕಣ್ಣೀರು ಹಾಕಲಿಲ್ಲ. ಬೆಳೆಯುವುದಕ್ಕೆ ಬಿಡುವುದೇ ಪ್ರೀತಿ ಎಂದು ದಿನವೂ ಜನರಿಗೆ ಹೇಳುವವಳು ಸ್ವಂತ ಮಗಳ ವಿಷಯದಲ್ಲಿ ಸೋಲಬಾರದಲ್ಲ.

"ಟ್ಯಾಕ್ಸಿ ಹಿಡೀತೀನಿ, ನಡಿ" ಎಂದು ಲುಸಿಲಾಳ ಕೈ ಹಿಡಿದೆಳೆದೆ. "ಡಮಿಯಾನ್, ನೀನು ಇಲ್ಲೇ ಕೂತಿರು. ಎದ್ರೆ ಕಾಲ್ ಮುರೀತೀನಿ."

"ಇದು ಒಪ್ಪಿಕೊಳ್ಳೋ ಪಂಥದ ಭಾಷೆನಾ?" ಅಂದಳು ರೆಬೇಕಾ. ಅಂದವಳು ನಮ್ಮ ಹಿಂದೆಯೇ ಬಂದು ಟ್ಯಾಕ್ಸಿ ಹತ್ತಿಬಿಟ್ಟಳು. "ನಾನೂ ಹುಡುಕ್ತೀನಿ. ಬೆಳಿಗ್ಗೆ ಹೂ ತಗೊಂಡ್ ಬಂದಾಗ ನಿಮ್ಮನೆ ಎಲ್ಲಾ ನೋಡಿದೀನಿ."

ಟ್ಯಾಕ್ಸಿಯವನು ಕನ್ನಡಿಯಲ್ಲಿ ಬಿಳಿ ಉಡುಪು ನೋಡಿದ, ಮೂರು ಮುಖ ನೋಡಿದ, ಕೇಳದೆ ಬಿಡಲಿಲ್ಲ. ಲುಸಿಲಾ ಹೇಳಿದಳು. ಅವನು ಗೇರು ಬದಲಿಸುತ್ತಾ ನಿಟ್ಟುಸಿರು ಬಿಟ್ಟ. "ನನ್ ಹೆಂಡ್ತಿ ಮದುವೆ ದಿನ ಬೂಟು ಮರ್ತು ಚಪ್ಪಲೀಲಿ ಬಂದಿದ್ಲು. ನಾನ್ ಪೆದ್ದ, ನಕ್ಕು ಸುಮ್ನಾದೆ. ಆಮೇಲೆ ನಮ್ ಡಾಕ್ಟ್ರು ಬಿಡ್ಸಿ ಹೇಳಿದ್ರು. ಓಡಿಹೋಗೋಕೆ ಚಪ್ಪಲಿನೇ ಹಗುರ."

"ಓಡಿಹೋದ್ಲಾ?" ಎಂದು ಕೇಳಿದೆ.

"ಇಲ್ಲ, ಮನೇಲೇ ಇದಾಳೆ. ಆದ್ರೂ ನಾನು ಹುಷಾರಾಗಿದೀನಿ."

ಲುಸಿಲಾ ನಗಲಿಲ್ಲ. ಕಿಟಕಿಯ ಹೊರಗೆ ನೋಡುತ್ತಿದ್ದವಳು ನನ್ನ ಕಡೆ ತಿರುಗಿದಳು. "ಅಮ್ಮಾ, ನಂಗೆ ನಿಜವಾಗ್ಲೂ ಬೇಡ್ವೇನೋ. ನಂಗೇ ಗೊತ್ತಿಲ್ದೆ."

ನನ್ನ ನಾಲಿಗೆಯ ತುದಿಗೆ ಬಂದದ್ದು, ಹುಚ್ಚುಡುಗಿ, ಅವನನ್ನು ನೋಡಿದರೆ ನಿನ್ನ ಮುಖ ಹೇಗೆ ಅರಳುತ್ತದೆ ನಾನು ನೋಡಿಲ್ಲವಾ, ತೆಪ್ಪಗೆ ಹೋಗಿ ಕಟ್ಟಿಕೋ ಅಂತ. ಅದನ್ನು ನುಂಗಿಕೊಂಡೆ. ದಾರಿ ಅವಳೇ ಹುಡುಕಿಕೊಳ್ಳಬೇಕು. "ನಿನ್ ಮನಸ್ಸೇ ನಿಂಗೆ ಗೊತ್ತಾಗ್ತಿಲ್ಲ ಅಂತ ಗಾಬರಿ ಆಗ್ತಿದೆ" ಅಂದೆ.

"ಗಿಳಿ ಥರ ಮಾಡ್ಬೇಡ ಅಮ್ಮಾ. ಏನಾದ್ರೂ ಹೇಳು."

ರೆಬೇಕಾ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಗಿಳಿ ಅನ್ನುವ ಹೆಸರು ನಮ್ಮ ಮನೆಯೊಳಗೂ ಬಂದು ಸೇರಿದೆ ಎಂದು ನನಗೆ ಆವತ್ತೇ ಗೊತ್ತಾದದ್ದು. ನಾನು ಕೈಚೀಲವನ್ನು ತೊಡೆಯ ಮೇಲೆ ಅವುಚಿ ಹಿಡಿದುಕೊಂಡೆ.

ಮನೆಯಲ್ಲಿ ಹುಡುಕದ ಜಾಗ ಉಳಿಯಲಿಲ್ಲ. ಹಾಸಿಗೆ ಎತ್ತಿದೆವು, ಕೊಳೆ ಬಟ್ಟೆಯ ಬುಟ್ಟಿ ಸುರಿದೆವು. ರೆಬೇಕಾ ಹಸಿರು ರೇಷ್ಮೆಯ ಉಡುಪಿನಲ್ಲಿ ಮಂಡಿಯೂರಿ ಸೋಫಾದ ಕೆಳಗೆ ಕೈಯಾಡಿಸಿ ಧೂಳು ಮೆತ್ತಿಸಿಕೊಂಡಳು. ಬೇರೆ ದಿನವಾಗಿದ್ದರೆ ನಾನು ಆ ನೋಟವನ್ನು ತುಂಬಾ ಸವಿಯುತ್ತಿದ್ದೆ.

"ಕೊನೇ ಸಲ ಎಲ್ಲಿ ನೋಡ್ದೆ?" ಎಂದು ಅವಳು ಕೇಳಿದಳು.

"ರಾತ್ರಿ ಊಟದ ಮೇಜಿನ ಮೇಲೆ ಇತ್ತು ಆಂಟಿ. ಎಂಪನಾಡ ಕಡುಬಿನ ತಟ್ಟೆ ಪಕ್ಕ. ನಾನೇ ಇಟ್ಟಿದ್ದೆ."

"ನೀನ್ ಯಾವ್ದನ್ನ ನೆಟ್ಟಗಿಟ್ಟಿದೀಯ" ಎಂದು ರೇಗಿದೆ. "ಹೋದ್ ವರ್ಷ ಬಸ್ಸಲ್ಲಿ ಕಳ್ದೆ, ಅದಕ್ ಮುಂಚೆ ಬಟ್ಟೆ ಜೊತೆ ಒಗ್ದೆ."

ಅವಳು ಮಂಚದ ಅಂಚಿನಲ್ಲಿ ಕುಸಿದು ಕೂತಳು. ಕಣ್ಣಿನ ಕಪ್ಪು ಕೆನ್ನೆಗೆ ಇಳಿಯಿತು. "ನಾನೇ ಎಸ್ದಿರ್ಬೇಕು ಅಮ್ಮಾ. ತಟ್ಟೆ ಜೊತೆ ಕಸಕ್ಕೆ ಹಾಕಿರ್ಬೇಕು. ಅವನು ಹೇಳಿದ್ದೇ ಸರಿ. ಬೇಡ ಅಂತ ನನ್ ಕೈಗೆ ನನಗಿಂತ ಮುಂಚೆ ಗೊತ್ತಾಗಿದೆ."

ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ. ಊರಿನ ಮೇಲೆ ಸಿಟ್ಟು, ವಿಯೆನ್ನಾದ ಅಜ್ಜನ ಮೇಲೆ ಸಿಟ್ಟು, ಧೂಳು ಕೊಡವುತ್ತಾ ನಿಂತ ಬೀಗಿತ್ತಿಯ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು. "ಸಮಾಧಾನ ಆಯ್ತಾ ನಿಮಗೆ?" ಎಂದು ಕೇಳಿಯೇಬಿಟ್ಟೆ. "ಮದುವೆ ಹುಡುಗಿಗೆ ತನ್ ಕೈ ಮೇಲೇ ಅನುಮಾನ ಬರೋ ಹಾಗ್ ಮಾಡಿದ್ರಿ. ಇನ್ನೂ ಅಗೀತೀರಾ?"

ರೆಬೇಕಾ ಲುಸಿಲಾಳ ಪಕ್ಕ ಕೂತು, ಕರವಸ್ತ್ರ ಒದ್ದೆ ಮಾಡಿ, ಕೆನ್ನೆಯ ಮೇಲಿನ ಕಪ್ಪನ್ನು ಒರೆಸಿದಳು. "ಏಳಮ್ಮ, ಟೈಮಿಲ್ಲ. ಹೋಗಿ ಆ ಆಫೀಸರ್ ಕಾಲಾದ್ರೂ ಹಿಡಿಯೋಣ" ಅಂದಳು.

ನಾವು ಬರಿಗೈಯಲ್ಲಿ ವಾಪಸ್ಸು ಬಂದಾಗ ಕೊನೆಯ ಜೋಡಿ ಅಕ್ಕಿ ಎರಚಿಸಿಕೊಂಡು ಮೆಟ್ಟಿಲಿಳಿಯುತ್ತಿತ್ತು. ಎರಡೂ ಕಡೆಯ ನೆಂಟರು ಕಚೇರಿಯ ಮೊಗಸಾಲೆಯ ಬೆಂಚುಗಳ ಮೇಲೆ ಎರಡು ಪಕ್ಷವಾಗಿ ಕೂತಿದ್ದರು. ಒಂದು ಪಕ್ಷದ ಪ್ರಕಾರ ಲುಸಿಲಾಳ ಸಮಸ್ಯೆ ತೀರಿಕೊಂಡ ಅಪ್ಪ, ಇನ್ನೊಂದು ಪಕ್ಷದ ಪ್ರಕಾರ ಡಮಿಯಾನ್‌ನ ಬದುಕಿರುವ ಅಮ್ಮ. ಡಮಿಯಾನ್ ಫೋನು ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದ.

"ನಿಮ್ ಡಾಕ್ಟ್ರಿಗೆ ಫೋನ್ ಮಾಡಿದ್ಯಾ? ಏನಂದ್ರು?" ಎಂದು ಕೇಳಿದೆ.

"ಎಲ್ಲಾ ಹೇಳ್ದೆ. 'ಹ್ಞೂಂ' ಅಂದ್ರು. ಆಮೇಲೆ 'ಇವತ್ತಿಗೆ ಇಲ್ಲಿಗೆ ನಿಲ್ಲಿಸೋಣ' ಅಂದ್ರು."

ನಮ್ಮೂರಿನ ಎಲ್ಲ ವಿಶ್ಲೇಷಕರೂ ರೋಗಿಯನ್ನು ಎಬ್ಬಿಸಿ ಕಳಿಸುವ ಮಾತು ಅದು. ನೀವು ಅಳುತ್ತಿರಿ, ನಿಮ್ಮ ಜೀವಮಾನದ ಗುಟ್ಟು ಬಾಯಿಗೆ ಬರುತ್ತಿರಲಿ, ಆ ಮಾತು ಕಿವಿಗೆ ಬಿದ್ದರೆ ಎದ್ದು ಅಂಗಿ ಸರಿಮಾಡಿಕೊಂಡು ಬಾಗಿಲ ಕಡೆ ನಡೆಯಬೇಕು. ಚಿಕ್ಕಂದಿನಿಂದ ನಮಗೆ ಅದು ಅಭ್ಯಾಸವಾಗಿಹೋಗಿದೆ.

ಅಧಿಕಾರಿಯನ್ನು ನಾನು ಗೋಗರೆದೆ. ಅವಳು ಕನಿಕರದಿಂದಲೇ ತಲೆಯಾಡಿಸಿದಳು. "ಆಗಲ್ಲಮ್ಮ. ಆದ್ರೆ ಬರ್ದಿರೋ ಹೆಸ್ರುಗಳು ಸರಿಯಾಗಿದ್ಯಾ ಅಂತ ಒಂದ್ಸಲ ನೋಡ್ಬಿಡಿ, ಮಾರ್ಚಿಗೆ ಕೆಲ್ಸ ಹಗುರ ಆಗುತ್ತೆ" ಎಂದು ಒಂದು ಹಾಳೆಯನ್ನು ನನ್ನ ಕೈಗಿಟ್ಟಳು.

ಮಾರ್ಚಿಗೆ. ಹಾಳೆಯ ಮೇಲಿನ ಅಕ್ಷರ ನನಗೆ ಕಾಣಿಸಲಿಲ್ಲ. ಬೆಳಿಗ್ಗೆಯಿಂದ ನಾನು ಕನ್ನಡಕ ಹಾಕಿರಲಿಲ್ಲ, ಫೋಟೋಗಳಲ್ಲಿ ಮುದುಕಿಯಾಗಿ ಕಾಣುವುದು ಬೇಡ ಎಂದು. ಚೀಲದಿಂದ ಕನ್ನಡಕದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದೆ. ಕನ್ನಡಕದ ಮೇಲೆ, ಅಂದವಾಗಿ ಒರಗಿಸಿಟ್ಟ ಹಾಗೆ, ತಿಳಿನೀಲಿ ಬಣ್ಣದ ಗುರುತಿನ ಚೀಟಿ ಕೂತಿತ್ತು. ಅದರೊಳಗಿಂದ ನನ್ನ ಮಗಳು ನನ್ನನ್ನೇ ನೋಡುತ್ತಿದ್ದಳು.

ಒಮ್ಮೆಲೇ ಎಲ್ಲ ನೆನಪಾಯಿತು. ರಾತ್ರಿ ಮೇಜು ಒರೆಸುವಾಗ ಚೀಟಿ ಕಂಡಿತ್ತು. ಇವಳು ಕಳೆಯುತ್ತಾಳೆ ಎಂದುಕೊಂಡು ಎತ್ತಿಕೊಂಡಿದ್ದೆ. ಜೋಪಾನವಾಗಿ ಇಡಬೇಕು, ನಾನು ಮರೆಯದ ಜಾಗದಲ್ಲಿ ಇಡಬೇಕು ಎಂದು ಡಬ್ಬಿಗೆ ಹಾಕಿ ಪಟ್ಟನೆ ಮುಚ್ಚಿದ್ದೆ. ಆ ಪಟ್ ಎನ್ನುವ ಸದ್ದು ಕೂಡ ಕಿವಿಯಲ್ಲಿ ಬಂತು. ಟ್ಯಾಕ್ಸಿಯಲ್ಲಿ ತೊಡೆಯ ಮೇಲೆ ಇಟ್ಟುಕೊಂಡದ್ದು ಇದೇ ಚೀಲ. ಹಾಸಿಗೆ ಎತ್ತುವಾಗ ಹೆಗಲಿಗೆ ನೇತುಹಾಕಿಕೊಂಡದ್ದೂ ಇದೇ ಚೀಲ.

ಲುಸಿಲಾ ಮತ್ತು ಡಮಿಯಾನ್ ಕಿಟಕಿಯ ಹತ್ತಿರ ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು. ನನ್ನ ಪಕ್ಕದಲ್ಲಿದ್ದವಳು ರೆಬೇಕಾ ಒಬ್ಬಳೇ. ಅವಳು ಡಬ್ಬಿಯನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಕಣ್ಣು ಮುಚ್ಚಿಕೊಂಡೆ. ಇಷ್ಟು ವರ್ಷ ಅಗೆದವಳ ಗುದ್ದಲಿಗೆ ನನ್ನ ಮನೆಯ ನೆಲಮಾಳಿಗೆಯೇ ಬಾಗಿಲು ತೆಗೆದುಕೊಂಡು ಸಿಕ್ಕಿತ್ತು. ಅವಳು ಒಂದು ಮಾತು ಆಡಿದರೂ ನಾನು ಅಲ್ಲೇ ಸತ್ತುಹೋಗುತ್ತಿದ್ದೆ.

ಡಬ್ಬಿಯೊಳಗಿಂದ ಚೀಟಿಯನ್ನು ಎತ್ತಿಕೊಂಡದ್ದು ಗೊತ್ತಾಯಿತು. ಕಣ್ಣು ತೆರೆದಾಗ ರೆಬೇಕಾ ಅದನ್ನು ಮೇಲೆತ್ತಿ ಹಿಡಿದು ಕಿಟಕಿಯ ಕಡೆ ನಡೆಯುತ್ತಿದ್ದಳು. "ಸಿಕ್ತು" ಅಂದಳು ಗಟ್ಟಿಯಾಗಿ. "ನನ್ ಚೀಲದಲ್ಲೇ ಇತ್ತು. ಬೆಳಿಗ್ಗೆ ಹೂ ಇಡೋವಾಗ ನಾನೇ ಎತ್ಕೊಂಡಿದೀನಿ, ಜ್ಞಾಪಕನೇ ಇಲ್ಲ."

ಲುಸಿಲಾ ಉಸ್ಸೆಂದು ಒಂದು ಉಸಿರು ಬಿಟ್ಟಳು. ಆದರೆ ಡಮಿಯಾನ್ ಅವಳ ಕಡೆ ತಿರುಗಲಿಲ್ಲ, ತಾಯಿಯ ಕಡೆ ತಿರುಗಿದ. "ನೀನಾ ಅಮ್ಮಾ" ಎಂದ.

ಬೆಂಚುಗಳಿಗೆ ಜೀವ ಬಂತು. ಒಬ್ಬನೇ ಮಗ ಅಲ್ಲವಾ ಎಂದರು ಒಬ್ಬರು. ಬಿಟ್ಟುಕೊಡುವುದಕ್ಕೆ ಆಗುತ್ತಿಲ್ಲ ಎಂದರು ಇನ್ನೊಬ್ಬರು. ವಿಶ್ಲೇಷಕಿಯೇ ಹೀಗೆ ಮಾಡಿದರೆ ಹೇಗೆ ಎಂದು ಅವಳ ತಂಗಿ ಸಂಭ್ರಮದಿಂದ ಕೇಳಿದಳು. ರೆಬೇಕಾ ಚೀಲವನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಕಿವಿ ಕೆಂಪಾಗಿತ್ತು. ಒಂದೇ ಒಂದು ಮಾತಿಗೂ ಎದುರು ಹೇಳಲಿಲ್ಲ.

"ಈಗಂತೂ ಆಗಲ್ಲ" ಎಂದ ಡಮಿಯಾನ್. "ನಿನ್ ಮನಸ್ಸಲ್ಲಿ ಇದನ್ನಿಟ್ಕೊಂಡು ನಮ್ಮನ್ನ ಕಳ್ಸಿದ್ರೆ ನಾನ್ ಅದನ್ನ ಜೀವನಪೂರ್ತಿ ಹೊರ್ಬೇಕು. ಮಾರ್ಚಿಗೆ ನೋಡೋಣ."

ನಮ್ಮ ಪಂಥದಲ್ಲಿ ಇನ್ನೊಂದು ಪಾಠವಿದೆ. ಒಳಗೊಂದು ಹೊರಗೊಂದು ಇಟ್ಟುಕೊಂಡು ಯಾರ ಎದುರಿಗೂ ಕೂರಬಾರದು. ಬಂದವರಿಗೆಲ್ಲ ನಾನು ಅದನ್ನು ಎಷ್ಟು ಸುಲಭವಾಗಿ ಹೇಳುತ್ತಿದ್ದೆ. 

"ಚೀಟಿ ನನ್ ಕನ್ನಡಕದ ಡಬ್ಬೀಲಿತ್ತು" ಅಂದೆ.

 ಲುಸಿಲಾ ನನ್ನ ಕಡೆ ನೋಡಿದಳು. ಅವಳ ನೋಟ ತಪ್ಪಿಸಿದರೆ ಮತ್ತೆ ಹೇಳಲು ಆಗುವುದಿಲ್ಲ ಅನಿಸಿ ನೋಡುತ್ತಲೇ ಹೇಳಿದೆ.

"ಯಾಕೆ ಅಂತ ಯಾರೂ ಬಿಡ್ಸಿ ಹೇಳ್ಬೇಡಿ, ನಾನೇ ಹೇಳ್ತೀನಿ. ಲು, ನೀನು ಹೋಗೋದು ನಂಗಿಷ್ಟ ಇಲ್ಲ. ಆ ಮನೇಲಿ ಒಬ್ಳೇ ಒಂದು ತಟ್ಟೆ ಹಾಕ್ಕೊಂಡು ಊಟ ಮಾಡೋದನ್ನ ನಂಗೆ ನೆನೆಸ್ಕೊಳ್ಳೋಕೂ ಆಗಲ್ಲ. ಕೋಟು ಕೊಡ್ಸೋವಾಗ ಚಿಕ್ಕ ಸೈಜು ತಗೊಂಡಿದ್ನಲ್ಲ, ಅದೂ ಇದೇ ಇರ್ಬೇಕು. ಆದ್ರೆ ನೀನು ಹೋಗ್ಬೇಕು ಅಂತಾನೂ ನಂಗೆ ಆಸೆ. ಅದು ನಾಟಕ ಅಲ್ಲ. ಎರಡೂ ನಿಜ."

"ಎರಡೂ ಹೇಗೆ ನಿಜ ಆಗುತ್ತೆ ಅತ್ತೆ?" ಎಂದ ಡಮಿಯಾನ್. ಕೊಂಕಿಲ್ಲ, ತಿಳಿಯದೆ ಕೇಳಿದ ಮಗುವಿನ ದನಿ.

ಉತ್ತರ ಕೊಟ್ಟವಳು ಲುಸಿಲಾ. ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವುದು ಕಷ್ಟ. "ಆಗುತ್ತೆ ಡಮಿ. ನನಗೂ ಹಾಗೇ. ಆ ಗಾಳಿ ಊರು ನೆನೆಸ್ಕೊಂಡ್ರೆ ಭಯ ಆಗುತ್ತೆ, ನಿನ್ ಬಿಟ್ಟಿರ್ಬೇಕು ಅಂದ್ರೂ ಭಯ ಆಗುತ್ತೆ. ಚೀಟಿ ನಾನು ಮರೀಲಿಲ್ಲ, ಆದ್ರೆ ಮರೀಬಹುದಿತ್ತು. ಬೇಡ ಅನ್ನೋಳೊಬ್ಳು ನನ್ನೊಳಗೆ ಇದಾಳೆ. ಅವ್ಳನ್ನ ಎಲ್ಲಿ ಬಿಟ್ ಬರ್ಲಿ? ಅವ್ಳೂ ನಮ್ ಜೊತೆ ಬರ್ತಾಳೆ. ನಿನ್ನೊಳಗಿಲ್ವಾ ಅಂಥವ್ನು ಒಬ್ಬ?"

ಡಮಿಯಾನ್ ತನ್ನ ಬೂಟುಗಳನ್ನು ನೋಡಿಕೊಂಡ.

"ಇದಾನೆ" ಅಂದ. "ಬೆಳಿಗ್ಗೆಯಿಂದ ಅವ್ನೇ ಮಾತಾಡ್ತಿರೋದು."

ಬೆಂಚುಗಳ ಮೇಲಿನವರಿಗೆ ಅಷ್ಟು ಸಾಕಾಯಿತು. ಎರಡೂ ಪಕ್ಷದವರು ಒಟ್ಟಿಗೆ ಬಾಯಿ ತೆರೆದರು. ಅಪ್ಪ, ಅಮ್ಮ, ಸೇತುವೆ, ಚಿಕ್ಕ ಕೋಟು, ಎಲ್ಲಕ್ಕೂ ಅರ್ಥ ಸಿಗತೊಡಗಿತು. ಗಡಿಯಾರದ ಮುಳ್ಳು ಒಂದರ ಹತ್ತಿರ ಬಂದಿತ್ತು, ಕಾವಲುಗಾರ ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದ. ಆಗ ರೆಬೇಕಾ ಕತ್ತು ನೆಟ್ಟಗೆ ಮಾಡಿ, ಕಸುಬಿನ ದನಿಯಲ್ಲಿ, ಮೆಲ್ಲಗೆ ಅಂದಳು: "ಇವತ್ತಿಗೆ ಇಲ್ಲಿಗೆ ನಿಲ್ಲಿಸೋಣ."

ದೇವರಾಣೆಗೂ ಅಷ್ಟು ಜನರೂ ಬಾಯಿ ಮುಚ್ಚಿದರು. ಅರ್ಧ ಜನ ಎದ್ದು ನಿಂತು ಅಂಗಿ ಸರಿಮಾಡಿಕೊಂಡರು. ಡಮಿಯಾನ್‌ನ ಚಿಕ್ಕಪ್ಪ ಫೀಸು ಕೊಡಲು ಜೇಬಿಗೆ ಕೈ ಹಾಕಿ, ಪೆಚ್ಚಾಗಿ ತೆಗೆದ.

ಆ ನಿಶ್ಶಬ್ದದಲ್ಲೇ ಅಧಿಕಾರಿ ಚೀಟಿ ಇಸಿದುಕೊಂಡು ನಮ್ಮನ್ನೆಲ್ಲ ಒಳಗೆ ತಳ್ಳಿದಳು. ಓದಬೇಕಾದ್ದನ್ನು ಒಂದೇ ಉಸಿರಿಗೆ ಓದಿದಳು. ಸ್ವಂತ ಇಚ್ಛೆಯಿಂದ ಮದುವೆಯಾಗುತ್ತಿದ್ದೀರಾ ಎನ್ನುವ ಪ್ರಶ್ನೆ ಬಂದಾಗ ಡಮಿಯಾನ್ ಬಾಯಿ ತೆರೆದು ತಡವರಿಸಿದ. "ನೋಡಪ್ಪ, ನನ್ ಪುಸ್ತಕದಲ್ಲಿ ಒಂದೇ ಮಾತಿಗೆ ಜಾಗ ಇರೋದು. ಉಳಿದಿದ್ದನ್ನ ಮನೆಗ್ ಹೋಗಿ ಹೇಳ್ಕೊಳಿ" ಅಂದಳು ಅವಳು.

"ಹೌದು" ಅಂದ ಅವನು.

"ಹೌದು" ಅಂದಳು ನನ್ನ ಮಗಳು, ಅವನ ಮಾತು ಮುಗಿಯುವ ಮುಂಚೆಯೇ. ನನಗೆ ಕುಣಿಯಬೇಕು ಅನಿಸಿತು, ನೆಲದ ಮೇಲೆ ಕೂತು ಅಳಬೇಕು ಅಂತಲೂ ಅನಿಸಿತು. ಸಾಕ್ಷಿಯ ಸಹಿಯನ್ನು ಕನ್ನಡಕ ಹಾಕಿಕೊಂಡೇ ಮಾಡಿದೆ. ಆ ಫೋಟೋದಲ್ಲಿ ಮುದುಕಿಯೇ ಆಗಿದ್ದೇನೆ.

ಹೊರಗೆ ಮೆಟ್ಟಿಲ ಮೇಲೆ ಅಕ್ಕಿ ಎರಚಿದ್ದಾಯಿತು, ಅಪ್ಪಿಕೊಂಡದ್ದಾಯಿತು. ಲುಸಿಲಾ ನನ್ನ ಕಿವಿಯಲ್ಲಿ, "ಆ ಕೋಟು ದೊಡ್ ಸೈಜಿಗೆ ಬದ್ಲಾಯ್ಸು ಅಮ್ಮಾ" ಎಂದು ಹೇಳಿ ಕಾರು ಹತ್ತಿದಳು. ನೆಂಟರು ಊಟದ ಕಡೆ ಹೊರಟರು. ರೆಬೇಕಾ ಮೆಟ್ಟಿಲ ಕೊನೆಯಲ್ಲಿ ನಿಂತು ಕೂದಲಿಂದ ಅಕ್ಕಿ ಆರಿಸುತ್ತಿದ್ದಳು. ಅವಳ ಮಂಡಿಯ ಮೇಲೆ ನಮ್ಮ ಸೋಫಾದ ಧೂಳು ಇನ್ನೂ ಇತ್ತು.

"ಯಾಕೆ ಸುಳ್ಳು ಹೇಳಿದ್ರಿ?" ಎಂದು ಕೇಳಿದೆ. "ನನ್ನನ್ನ ಅಲ್ಲೇ ಬಿಚ್ಚಿ ಹರವ್ಬಹುದಾಗಿತ್ತು."

ಅವಳು ಕಾರು ಹೋದ ದಿಕ್ಕನ್ನೇ ನೋಡುತ್ತಿದ್ದಳು. "ಪೂರ್ತಿ ಸುಳ್ಳಲ್ಲ ನೆಲಿಡಾ. ಬೆಳಿಗ್ಗೆ ಹೂ ಇಡೋವಾಗ ಆ ಮೇಜಿನ ಮೇಲೆ ಕಣ್ಣಾಡಿಸ್ದೆ. ಏನ್ ಹುಡುಕ್ತಿದೀನಿ ಅಂತ ಆಗ ಗೊತ್ತಾಗ್ಲಿಲ್ಲ. ನೀವು ರಾತ್ರಿನೇ ಎತ್ತಿಡದೇ ಇದ್ದಿದ್ರೆ ಅದು ನನ್ ಚೀಲದಲ್ಲೇ ಇರ್ತಿತ್ತು." ಕೂದಲಿಂದ ಇನ್ನೊಂದು ಅಕ್ಕಿಕಾಳು ತೆಗೆದು ಅಂದಳು, "ಫೆಬ್ರವರೀಲಿ ರಜೆ, ನನ್ ಹತ್ರ ಬರೋರೂ ಇರಲ್ಲ. ಆ ಮನೇಲಿ ಇಡೀ ದಿನ ಒಬ್ಳೇ."

ನಾನು ಅವಳಿಗೆ ಬುದ್ಧಿ ಹೇಳಬಹುದಿತ್ತು. ಚುಚ್ಚಬಹುದಿತ್ತು, ಅದಕ್ಕೆ ತಕ್ಕ ಮಾತುಗಳನ್ನು ವರ್ಷಗಟ್ಟಲೆ ಕೂಡಿಟ್ಟುಕೊಂಡಿದ್ದೆ. ಅವಳ ಎದುರಿಗೆ ಬಂದು ನಿಂತೆ, ನನ್ನ ಹತ್ತಿರ ಬಂದವರ ಎದುರು ಕೂರುವ ಹಾಗೆ.

"ಅವನಿಲ್ದೆ ತುಂಬಾ ಭಯ ಆಗ್ತಿದೆ ನಿಮಗೆ" ಅಂದೆ.

 ಎಲ್ಲರ ಅಳುವನ್ನೂ ಹಿಂದೆ ಕೂತು ಕೇಳಿದವಳು ನಡುಬೀದಿಯ ಬಿಸಿಲಲ್ಲಿ ನನ್ನ ಹೆಗಲಿಗೆ ಹಣೆ ಹಚ್ಚಿದಳು.

"ಹೌದು ಕಣೇ ಗಿಳಿ" ಅಂದಳು.